ಚಿಕಿತ್ಸೆಯಲ್ಲಿದ್ದ ತಮ್ಮನ ಮೇಲೆ ಮೊಕದ್ದಮೆ: ಜೈಲಿನ ಬದಲು ಆಸ್ಪತ್ರೆಯ ದಾರಿ ಇದೆಯೇ?

ಪ್ರಶ್ನೆ (ಕುಮಟಾದಿಂದ):
ವಕೀಲರಿಗೆ ನಮಸ್ಕಾರ. ತದಡಿಯಲ್ಲಿ ಬೋಟಿನ ಕೆಲಸ ಮಾಡುವ ನನ್ನ ತಮ್ಮ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ನಾಲ್ಕು ವರ್ಷಗಳಿಂದ ಚಿಕಿತ್ಸೆ ಪಡೆಯುತ್ತಿದ್ದ. ಗುಳಿಗೆ ನುಂಗಿದರೆ ಬೋಟಿನಲ್ಲಿ ನಿದ್ದೆ ಬರುತ್ತದೆಂದು ಅದನ್ನು ಬಿಟ್ಟವನು, ಕಳೆದ ತಿಂಗಳು ಅಂಗಡಿಯೊಂದರ ಗಾಜು ಒಡೆದು, ಅಂಗಡಿಯವರಿಗೂ ಹೊಡೆದು, ಈಗ ಕಾರವಾರದ ಜೈಲಿನಲ್ಲಿದ್ದಾನೆ. ಅಮೆರಿಕದಲ್ಲಿ ಇಂಥವರಿಗೆ ಬೇರೆ ನ್ಯಾಯಾಲಯಗಳಿವೆಯೆಂದು ಓದಿದೆ. ನಮ್ಮಲ್ಲಿ ಏನಿದೆ?

ಉತ್ತರ (ಶಿರಸಿಯ ವಕೀಲರು):
ಮೊದಲು ತುರ್ತಿನದು. ಡಿಮ್ಹಾನ್ಸ್‌ನ ಔಷಧ ಚೀಟಿಗಳ ಪ್ರತಿಯನ್ನು ನಾಳೆಯೇ ಜೈಲಿನ ವೈದ್ಯರಿಗೆ ತಲುಪಿಸಿ, ತಲುಪಿದ್ದಕ್ಕೆ ಸಹಿ ಪಡೆಯಿರಿ. ಗುಳಿಗೆ ತಪ್ಪಿದ ಒಂದೊಂದು ದಿನವೂ ಅವನಿಗೆ ನಷ್ಟವೇ. ಕಾಯಿಲೆ ಉಲ್ಬಣಿಸಿದ ಕೈದಿಯನ್ನು ಆಸ್ಪತ್ರೆಗೆ ವರ್ಗಾಯಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮು ಅವಕಾಶ ಕೊಡುತ್ತದೆ.

ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1997ರಲ್ಲಿ ಆರಂಭವಾದಂಥ, ಮಾನಸಿಕ ಕಾಯಿಲೆಯ ಆರೋಪಿಗಳಿಗಾಗಿಯೇ ಇರುವ ಪ್ರತ್ಯೇಕ ನ್ಯಾಯಾಲಯವನ್ನು ನಮ್ಮ ಕಾನೂನು ರಚಿಸಿಲ್ಲ. ಆದರೆ ಅಪರಾಧ ಪ್ರಕರಣಗಳ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಮುಗಳಂತೆ, ಆರೋಪಿಯು ಚಿತ್ತಸ್ವಾಸ್ಥ್ಯವಿಲ್ಲದೆ ತನ್ನ ಪರ ವಾದಿಸಲು ಅಸಮರ್ಥನೆಂದು ವೈದ್ಯರ ಪರೀಕ್ಷೆಯ ನಂತರ ನ್ಯಾಯಾಲಯಕ್ಕೆ ಕಂಡುಬಂದರೆ, ಅವನನ್ನು ಒಳರೋಗಿಯಾಗಿಡುವ ಅಗತ್ಯವಿಲ್ಲದಿದ್ದಲ್ಲಿ ಮತ್ತು ಸಂಬಂಧಿಕರೋ ಸ್ನೇಹಿತರೋ ಹತ್ತಿರದ ವೈದ್ಯಕೀಯ ಕೇಂದ್ರದಲ್ಲಿ ನಿಯಮಿತ ಚಿಕಿತ್ಸೆ ಕೊಡಿಸುವುದಾಗಿ ಮುಚ್ಚಳಿಕೆ ನೀಡಿದಲ್ಲಿ, ಅಪರಾಧವು ಜಾಮೀನಿಗೆ ಅರ್ಹವಲ್ಲದಿದ್ದರೂ 369ನೇ ಕಲಮಿನಡಿ ಬಿಡುಗಡೆ ಮಾಡಬೇಕು. ಒಳರೋಗಿಯಾಗಿ ಚಿಕಿತ್ಸೆ ಬೇಕೆಂದಾದರೆ ಮನೆಗಲ್ಲ, ಆಸ್ಪತ್ರೆಗೆ ಕಳುಹಿಸುತ್ತಾರೆ.

ಆದರೆ ಈ ದಾರಿಯನ್ನು ಯೋಚಿಸದೆ ಹಿಡಿಯಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅಸಮರ್ಥನೆಂದು ಘೋಷಿಸಿದರೆ ಮೊಕದ್ದಮೆ ಮುಗಿಯುವುದಿಲ್ಲ, ಅವನು ಚೇತರಿಸಿಕೊಳ್ಳುವವರೆಗೆ ಮುಂದಕ್ಕೆ ಹೋಗುತ್ತದಷ್ಟೇ. ಔಷಧ ಹತ್ತಿ ಅವನು ವಿಚಾರಣೆಯನ್ನು ಅರ್ಥಮಾಡಿಕೊಳ್ಳುವಂತಿದ್ದರೆ, ಚಿಕಿತ್ಸೆಯ ದಾಖಲೆಗಳನ್ನು ಮುಂದಿಟ್ಟು ಸಾಮಾನ್ಯ ಜಾಮೀನು ಕೇಳುವುದೇ ಮೇಲು. ಕೃತ್ಯದ ಹೊತ್ತಿನಲ್ಲಿ ಅವನಿಗೆ ತಾನು ಮಾಡುತ್ತಿರುವುದು ಏನೆಂಬ ಅಥವಾ ಅದು ತಪ್ಪೆಂಬ ಅರಿವೇ ಇರಲಿಲ್ಲವೆಂಬ ವಾದ ಬೇರೆಯೇ ಆಗಿದ್ದು, ಅದು ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿಗೆ ಸೇರಿ ಸಾಕ್ಷ್ಯದ ಹಂತದಲ್ಲಿ ಬರುತ್ತದೆ. ಕಾಯಿಲೆಯ ಹೆಸರೊಂದೇ ಅದಕ್ಕೆ ಸಾಲದು.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರು ದೊರೆಯುತ್ತಾರೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

ಮರುಪ್ರಶ್ನೆ:
ಅಮ್ಮನಿಗೆ ವಯಸ್ಸಾಗಿದೆ, ನಾನು ಗಂಡನ ಮನೆಯಲ್ಲಿದ್ದೇನೆ. ಬೋಟಿನ ಮಾಲೀಕರು ಮುಚ್ಚಳಿಕೆ ಕೊಡಬಹುದೇ?

ಉತ್ತರ:
ಕೊಡಬಹುದು, ಕಾನೂನು ಸ್ನೇಹಿತರನ್ನೂ ಹೇಳಿದೆ. ಆದರೆ ನಿದ್ದೆಯ ತೊಂದರೆಯಿಂದಲೇ ಗುಳಿಗೆ ಬಿಟ್ಟವನಾದ್ದರಿಂದ, ಅವರು ಸಹಿ ಹಾಕುವ ಮೊದಲು ಗುಳಿಗೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಅವನಿಗೆ ದಡದ ಮೇಲಿನ ಕೆಲಸವನ್ನೇ ಕೊಡುವಂತೆ ಮಾಲೀಕರನ್ನು ಒಪ್ಪಿಸಿ.