ಸಹಾಯ ಬೇಕು: ಚಾಮರಾಜಪೇಟೆಯ ಮೂರು ಹಳೇ ಮನೆ ಒಟ್ಟಿಗೆ ಮಾರಬೇಕು

ನಮಸ್ಕಾರ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ಮೂರು ಮನೆಗಳಿವೆ. ಒಂದಕ್ಕೊಂದು ಅಂಟಿಕೊಂಡಿವೆ, ನಡುವಿನ ಗೋಡೆಯೂ ಒಂದೇ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಮದ್ರಾಸ್ ತಾರಸಿ ಸೋರುತ್ತಿದೆ. ಮಳೆ ಬಂದರೆ ನಡುಮನೆಯಲ್ಲಿ ಎರಡು ಬಕೆಟ್, ಒಂದು ಕೊಳಗ ಇಡಬೇಕು.

ಒಟ್ಟು 7,200 ಚದರಡಿ. ಬಿಡಿಯಾಗಿ ಮಾರುವುದಕ್ಕಿಂತ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಒಟ್ಟಿಗೆ ಕೊಟ್ಟರೆ ಜಾಸ್ತಿ ಸಿಗುತ್ತೆ, ಅಲ್ವಾ? ಒಬ್ಬ ಬಿಲ್ಡರ್ ಜಂಟಿ ಅಭಿವೃದ್ಧಿ ಮಾಡೋಣ, ಅರ್ಧ ಫ್ಲಾಟ್ ನಿಮಗೆ ಅಂತಿದ್ದಾರೆ. ಚಿಕ್ಕಪ್ಪನಿಗೆ 78 ವರ್ಷ. "ಅದು ಏಳೋವರೆಗೆ ನಾನಿರ್ತೀನೇನೋ, ದುಡ್ಡೇ ಕೊಡಿಸಪ್ಪ" ಅಂತಾರೆ. ಅವರ ಮಾತೂ ಸರಿಯೇ.

ತೊಡಕಿರುವುದು ಮೂರನೇ ಮನೆಯದು. ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ಇ-ಖಾತೆ, ಅಂದರೆ ಆನ್‌ಲೈನ್ ಖಾತೆ, ಇಲ್ಲದೆ ನೋಂದಣಿ ಆಗಲ್ಲ. ವಂಶವೃಕ್ಷ ಮಾಡಿಸಿದ್ದೇವೆ, ಇಬ್ಬರು ಸೋದರತ್ತೆಯರೂ ಸಹಿ ಹಾಕಲು ಒಪ್ಪಿದ್ದಾರೆ. ಮುಂದೆ ಆಸ್ತಿ ಪಾಲು ಮಾಡಿಕೊಳ್ಳುವ ವಿಭಾಗ ಪತ್ರವೋ, ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರವೋ? ಮೂರೂ ಖಾತೆಗಳನ್ನು ನಾವೇ ಒಂದು ಮಾಡಿಸಿ ಮಾರಬೇಕಾ, ಕೊಂಡವರು ಮಾಡಿಸಿಕೊಳ್ಳುತ್ತಾರಾ?

ಇನ್ನೊಂದು. ಎಷ್ಟು ಕಟ್ಟಬಹುದು ಅನ್ನುವುದು ರಸ್ತೆಯ ಅಗಲದ ಮೇಲೆ ನಿಂತಿದೆಯಂತೆ. ನಮ್ಮದು 30 ಅಡಿ ರಸ್ತೆ. ಇದನ್ನೇ ಹಿಡಿದು ಬಿಲ್ಡರ್ ಬೆಲೆ ಇಳಿಸುತ್ತಿದ್ದಾರೆ.

ಇಂಥ ಹಳೇ ಮನೆ ಮಾರಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಳ್ಳೆಯ ಸಿವಿಲ್ ವಕೀಲರು ಗೊತ್ತಿದ್ದರೂ ಹೇಳಿ. ಬ್ರೋಕರ್‌ಗಳು ಮಾತ್ರ ಸದ್ಯಕ್ಕೆ ಬೇಡ, ಈಗಾಗಲೇ ದಿನಕ್ಕೆ ನಾಲ್ಕು ಫೋನ್ ಬರುತ್ತಿವೆ.