ಟಿಎಸ್‌ಎಚ್ 5.8 ಬಂದಿದೆ, ಮನಸ್ಸು ಮಾತ್ರ ಪೂರ್ತಿ ಕುಸಿದಿದೆ. ಇದು ಹಾರ್ಮೋನಾ, ಡಿಪ್ರೆಶನ್ನಾ?

ಮಂಜುಹನಿ:
ಕೆಲವು ತಿಂಗಳಿಂದ ನನ್ನ ಮೂಡ್ ನನ್ನ ಹಿಡಿತದಲ್ಲಿಲ್ಲ. ಏಳುವಾಗಲೇ ಮೈ ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ, ಸಣ್ಣ ಮಾತಿಗೂ ಸಿಡುಕು, ಆಮೇಲೆ ಅಳು. ಮನೋವೈದ್ಯರು ಖಿನ್ನತೆ ಎಂದು ಎಸಿಟಲೋಪ್ರಾಮ್ ಶುರು ಮಾಡಿದ್ದಾರೆ. ಅವರೇ ಬರೆದುಕೊಟ್ಟ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನ್, ಥೈರಾಯ್ಡ್ ಕುಗ್ಗಿದರೆ ಇದು ಏರುತ್ತದಂತೆ) 5.8 ಬಂತು, ಥೈರಾಯ್ಡ್ ಗ್ರಂಥಿಯದೇ ಹಾರ್ಮೋನಾದ ಫ್ರೀ ಟಿ4 ನಾರ್ಮಲ್. ಆ ರಿಪೋರ್ಟ್ ನೋಡಿದ್ದೇ ತಡ, ಮನೆಯಲ್ಲಿ ಎಲ್ಲರೂ "ನೋಡು, ನಾವು ಹೇಳಲಿಲ್ವಾ, ಇದು ಬರೀ ಥೈರಾಯ್ಡ್, ಆ ತಲೆ ಮಾತ್ರೆ ಬಿಟ್ಟುಬಿಡು" ಎಂದು ಹಿಡಿದುಕೊಂಡಿದ್ದಾರೆ. ಇನ್ನೊಂದು, ಪೀರಿಯಡ್ಸ್‌ಗೆ ಒಂದು ವಾರ ಇದೆ ಅನ್ನುವಾಗ ಇದೆಲ್ಲ ಜಾಸ್ತಿ ಆದ ಹಾಗೆ ಅನಿಸುತ್ತದೆ. ಬರೆದಿಟ್ಟುಕೊಂಡಿಲ್ಲ, ಅನಿಸಿಕೆ ಅಷ್ಟೆ. ಎಲ್ಲ ಹಾರ್ಮೋನೂ ಒಟ್ಟಿಗೆ ನೋಡುವ ಪ್ಯಾಕೇಜ್ ಟೆಸ್ಟ್ ಮಾಡಿಸಿದರೆ ಕಾರಣ ಸಿಗುತ್ತದಾ?

ಹಳೇ ರೇಡಿಯೋ:
ಮೊದಲು ಒಂದು ಮಾತು. ಎಸಿಟಲೋಪ್ರಾಮ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಶುರುವಾಗಬಹುದು, ಆಮೇಲೆ ಅದು ಕಾಯಿಲೆಯದೋ ಮಾತ್ರೆ ಬಿಟ್ಟಿದ್ದರದೋ ಗೊತ್ತಾಗದೆ ಇನ್ನಷ್ಟು ಗೋಜಲು.

ನನಗೆ ಹ್ಯಾಶಿಮೊಟೊ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ) ಇದೆ, ಹಾಗಾಗಿ ಥೈರಾಯ್ಡ್ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ. ಥೈರಾಯ್ಡ್ ಕಡಿಮೆಯಾದರೆ ಮನಸ್ಸು ಕೆಡುತ್ತದೆ ಅನ್ನುವುದು ಹಳೇ ವಿಷಯ. 1949ರಲ್ಲೇ ಬ್ರಿಟನ್ನಿನ ರಿಚರ್ಡ್ ಆಶರ್ ಎಂಬ ವೈದ್ಯರು, ಥೈರಾಯ್ಡ್ ತೀರಾ ಕಡಿಮೆಯಾಗಿ ಬುದ್ಧಿ ಕೆಟ್ಟವರಂತೆ ಆಗಿದ್ದ 14 ಜನರ ಬಗ್ಗೆ ಬರೆದಿದ್ದರು. ಆದರೆ ಅವರದೆಲ್ಲ ತೀವ್ರವಾದ ಕೊರತೆ. ನಿಮ್ಮದು ಹಾಗಲ್ಲ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಸ್ವಲ್ಪ ಏರಿದ್ದರೆ ಅದನ್ನು ಸಬ್‌ಕ್ಲಿನಿಕಲ್ ಅನ್ನುತ್ತಾರೆ. ಸಾಮಾನ್ಯವಾಗಿ 0.4ರಿಂದ 4ರ ಒಳಗಿದ್ದರೆ ನಾರ್ಮಲ್, 10 ದಾಟಿದರೆ ಹೆಚ್ಚಿನ ಡಾಕ್ಟರುಗಳು ಮಾತ್ರೆ ಕೊಡುತ್ತಾರೆ. ನಡುವೆ ಇರುವವರಿಗೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅನ್ನುವುದೇ ವಾಡಿಕೆ, ಏಕೆಂದರೆ ಎಷ್ಟೋ ಜನರಲ್ಲಿ ಅದು ತಾನಾಗಿ ಇಳಿಯುತ್ತದೆ. 2017ರಲ್ಲಿ ಬಂದ ಟ್ರಸ್ಟ್ ಎಂಬ ಅಧ್ಯಯನದಲ್ಲಿ ಇಂಥ ವಯಸ್ಸಾದವರಿಗೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಕೊಟ್ಟು ನೋಡಿದರು, ಸುಸ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಅಂದರೆ 5.8 ಒಂದೇ ಇಷ್ಟೆಲ್ಲ ಮಾಡುತ್ತಿದೆ ಎಂದು ನನಗೆ ಅನಿಸುವುದಿಲ್ಲ. ಅದನ್ನು ಕಡೆಗಣಿಸಿ ಅಂತಲೂ ಅಲ್ಲ. ಟಿಪಿಒ ಆಂಟಿಬಾಡಿ (ಥೈರಾಯ್ಡ್ ಮೇಲೆ ದೇಹವೇ ದಾಳಿ ಮಾಡುತ್ತಿದೆಯಾ ಎಂಬುದರ ಸುಳಿವು) ನೋಡಿಸಲು ಕೇಳಿ. ಮರುಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ, ದಿನದ ಅದೇ ಹೊತ್ತಿನಲ್ಲಿ ಮಾಡಿಸಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ, ಹೊತ್ತು ಬದಲಾದರೆ ಹೋಲಿಕೆಗೆ ಅರ್ಥವಿಲ್ಲ.

ನೀಲಿ ಕೊಡೆ:
ಮಂಜುಹನಿ ಅವರೇ, ನಾನು ಹಿಡಿಯುವುದು ನಿಮ್ಮ ಕೊನೆಯ ಸಾಲನ್ನು. ಪ್ಯಾಕೇಜ್ ಟೆಸ್ಟ್ ಬೇಡ ಅನ್ನುತ್ತೇನೆ, ಯಾಕೆ ಅಂದರೆ ಪೀರಿಯಡ್ಸ್ ಮುಂಚಿನ ತೊಂದರೆ ರಕ್ತದಲ್ಲಿ ಕಾಣುವುದೇ ಇಲ್ಲ. ಪಿಎಂಡಿಡಿ (ಪೀರಿಯಡ್ಸ್ ಮುಂಚೆ ಮನಸ್ಸು ತೀವ್ರವಾಗಿ ಕೆಡುವ ಕಾಯಿಲೆ) ಇರುವ ನನ್ನಂಥವರ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಲ್ಲ ಬೇರೆಯವರಷ್ಟೇ ಇರುತ್ತವೆ. ರಿಪೋರ್ಟ್ ನೋಡಿದವರು "ಎಲ್ಲ ಸರಿ ಇದೆಯಲ್ಲ, ಸುಮ್ನೆ ಯೋಚನೆ ಮಾಡ್ತೀಯ" ಅನ್ನುತ್ತಾರೆ, ಕೇಳಿ ಕೇಳಿ ಸಾಕಾಗಿದೆ.

1998ರಲ್ಲಿ ಅಮೆರಿಕದ ಸಂಶೋಧಕರು ಒಂದು ಚೆಂದದ ಪ್ರಯೋಗ ಮಾಡಿದರು. ಇಂಜೆಕ್ಷನ್ ಕೊಟ್ಟು ಅಂಡಾಶಯದ ಹಾರ್ಮೋನನ್ನೇ ನಿಲ್ಲಿಸಿದಾಗ, ಮುಟ್ಟಿನ ಮುಂಚೆ ತೀವ್ರ ತೊಂದರೆ ಇದ್ದ ಹಲವರಿಗೆ ತೊಂದರೆ ಇಳಿಯಿತು. ನಂತರ ಸಾಧಾರಣ ಪ್ರಮಾಣದಲ್ಲಿ ಹಾರ್ಮೋನ್ ವಾಪಸ್ ಕೊಟ್ಟರು. ಅವರಿಗೆ ಮತ್ತೆ ಮನಸ್ಸು ಕೆಟ್ಟಿತು. ಅಂಥ ತೊಂದರೆ ಇಲ್ಲದ ಹೆಂಗಸರಿಗೆ ಅದೇ ಹಾರ್ಮೋನ್ ಕೊಟ್ಟರೆ ಏನೂ ಆಗಲಿಲ್ಲ. ಹಾರ್ಮೋನ್ ಎಷ್ಟಿದೆ ಅನ್ನುವುದಲ್ಲ, ಅದರ ಏರಿಳಿತಕ್ಕೆ ಮಿದುಳು ಹೇಗೆ ಸ್ಪಂದಿಸುತ್ತದೆ ಅನ್ನುವುದೇ ಇಲ್ಲಿನ ಕಥೆ. ಈ ಕಾಯಿಲೆಗೆ ಡಿಎಸ್‌ಎಂ ಎಂಬ ಅಮೆರಿಕದ ಮನೋರೋಗ ಕೈಪಿಡಿಯ ಮುಖ್ಯ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 2013ರಲ್ಲಿ.

ಆದರೆ ನಿಮ್ಮದು ಪಿಎಂಡಿಡಿ ಅಂತ ನಾನು ಹೇಳುತ್ತಿಲ್ಲ. ಪಿಎಂಡಿಡಿಯಲ್ಲಿ ಪೀರಿಯಡ್ಸ್ ಶುರುವಾದ ಕೆಲವೇ ದಿನದಲ್ಲಿ ಮೋಡ ಸರಿದ ಹಾಗೆ ಎಲ್ಲ ಹೋಗುತ್ತದೆ, ಮುಂದಿನ ವಾರ ಮನುಷ್ಯ ಪೂರ್ತಿ ಸರಿ ಇರುತ್ತಾನೆ. ಇಡೀ ತಿಂಗಳು ಮಂಕು ಇದ್ದು ಆ ವಾರ ಮಾತ್ರ ಜಾಸ್ತಿಯಾದರೆ, ಅದು ಇರುವ ಖಿನ್ನತೆಯೇ ಮುಟ್ಟಿನ ಮುಂಚೆ ಕೆರಳುವುದು. ಎರಡಕ್ಕೂ ಚಿಕಿತ್ಸೆ ಬೇರೆ. ಗೊತ್ತಾಗಬೇಕಾದರೆ ಎರಡು ಚಕ್ರ ದಿನಾ ಬರೆಯಬೇಕು, ಅಂದಂದೇ ಬರೆಯಬೇಕು. ತಿಂಗಳ ಕೊನೆಗೆ ಕೂತು ನೆನಪು ಮಾಡಿಕೊಂಡು ಬರೆದರೆ ನೆನಪು ನಮಗೇ ಮೋಸ ಮಾಡುತ್ತದೆ.

ವಯಸ್ಸು ಎಷ್ಟು ಅಂತ ಕೇಳಬಹುದಾ?

ಸಂಜೆ ಬಸ್ಸು:
ಹಾರ್ಮೋನಿನಿಂದ ಮೂಡ್ ಕೆಡುವುದು ಗಂಡಸರಿಗೂ ಆಗುತ್ತದೆ ಅಂತ ಹೇಳಿ ಹೋಗುತ್ತೇನೆ. ಉಬ್ಬಸಕ್ಕೆ ಪ್ರೆಡ್ನಿಸೋಲೋನ್ (ಹಾರ್ಮೋನ್ ಥರದ್ದೇ ಒಂದು ಸ್ಟಿರಾಯ್ಡ್ ಮಾತ್ರೆ) ಕೊಟ್ಟಿದ್ದಾಗ ನನಗೆ ನಿದ್ದೆಯೇ ಇಲ್ಲ, ವಿಪರೀತ ಮಾತು, ಎಲ್ಲರ ಮೇಲೂ ಕೋಪ. ಡೋಸ್ ಇಳಿಸಿದ ಮೇಲೆ ನೆಲಕ್ಕೆ ಬಿದ್ದ ಹಾಗೆ ಬೇಜಾರು. ದಿನಕ್ಕೆ 40 ಮಿಲಿಗ್ರಾಂ ದಾಟಿದರೆ ಇಂಥದ್ದು ಹೆಚ್ಚು ಎಂದು ಆಮೇಲೆ ಓದಿದೆ. ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಎಲ್ಲ ಹೇಳಿ. ಡಾಕ್ಟರ ಬಳಿಯೂ ಹೇಳಿ. ಚರ್ಮಕ್ಕೆ, ಕೂದಲಿಗೆ ಅಂತ ತಗೊಳ್ಳುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಂಜುಹನಿ:
ವಯಸ್ಸು 46. ಪೀರಿಯಡ್ಸ್ ಈಗೀಗ ಹಿಂದೆ ಮುಂದೆ ಆಗುತ್ತಿದೆ. ಮಂಕು ತಿಂಗಳು ಪೂರ್ತಿ ಇರುತ್ತದೆ, ಸರಿ ಇರುವ ವಾರ ಅಂತ ಇಲ್ಲ. ಸಂಜೆ ಬಸ್ಸು ಅವರೇ, ನಿಮ್ಮ ಮಾತು ಓದಿ ಡಬ್ಬಿ ತಿರುಗಿಸಿ ನೋಡಿದೆ. ಕೂದಲು ಉದುರುತ್ತದೆ ಎಂದು ತಗೊಳ್ಳುತ್ತಿರುವ ಮಾತ್ರೆಯಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) 10 ಮಿಲಿಗ್ರಾಂ ಎಂದಿದೆ. ಅದರಿಂದ ಏನಾದರೂ ಆಗುತ್ತದಾ?

ನೀಲಿ ಕೊಡೆ:
46 ಅಂದರೆ ಮುಟ್ಟು ನಿಲ್ಲುವ ಮುಂಚಿನ ಹಂತ ಇರಬಹುದು. ಆ ಕಾಲದಲ್ಲಿ ಈಸ್ಟ್ರೋಜನ್ ಮೆತ್ತಗೆ ಇಳಿಯುವುದಿಲ್ಲ, ಏರಿ ಬಿದ್ದು ಏರಿ ಬೀಳುತ್ತದೆ. ಖಿನ್ನತೆ ಹೊಸದಾಗಿ ಬರುವ, ಹಳೆಯದು ಮರುಕಳಿಸುವ ಸಾಧ್ಯತೆ ಆಗ ಜಾಸ್ತಿ. ಒಂದು ದಿನದ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ನೋಡಿ ಏನೂ ಹೇಳಲಾಗುವುದಿಲ್ಲ, 45 ದಾಟಿದವರಿಗೆ ಲಕ್ಷಣ ಮತ್ತು ಪೀರಿಯಡ್ಸ್ ಲೆಕ್ಕವೇ ಸಾಕು. ಸ್ತ್ರೀರೋಗ ತಜ್ಞರನ್ನೂ ಕಾಣಿ. ಎಸಿಟಲೋಪ್ರಾಮ್ ಜೊತೆಗೇ ಹಾರ್ಮೋನ್ ಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂದು ಅವರು ಹೇಳುತ್ತಾರೆ. ಹಾಗೇ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಈ ಲೆಕ್ಕಾಚಾರ ಎಲ್ಲ ಬದಿಗಿಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ ಅವತ್ತೇ ಆಸ್ಪತ್ರೆಗೆ ಹೋಗಿ.

ಹಳೇ ರೇಡಿಯೋ:
ಅಯ್ಯೋ, ಬಯೋಟಿನ್! ಅದು ದೇಹದ ಥೈರಾಯ್ಡನ್ನು ಕೆಡಿಸುವುದಿಲ್ಲ, ಕೆಲವು ಲ್ಯಾಬ್‌ಗಳ ಪರೀಕ್ಷಾ ವಿಧಾನವನ್ನು ಕೆಡಿಸುತ್ತದೆ. ಅಂಥ ಕಡೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿದ್ದರೆ ನಿಮ್ಮ ನಿಜವಾದ ಟಿಎಸ್‌ಎಚ್ 5.8ಕ್ಕಿಂತ ಮೇಲೇ ಇರಬಹುದು, ಟಿ4 ನಾರ್ಮಲ್ ಅಂದದ್ದೂ ಅನುಮಾನ. ನಾನು ಮೇಲೆ ಬರೆದದ್ದೆಲ್ಲ ಈ ರಿಪೋರ್ಟ್ ನಂಬಿಕೊಂಡು ಬರೆದದ್ದು, ಹಾಗಾಗಿ ಎರಡು ಮೂರು ತಿಂಗಳು ಕಾಯಬೇಡಿ. ಡಾಕ್ಟರಿಗೆ ಈಗಲೇ ಹೇಳಿ, ಅವರು ಒಪ್ಪಿದರೆ ಕೂದಲಿನ ಮಾತ್ರೆ ಕನಿಷ್ಠ ಎರಡು ದಿನ ನಿಲ್ಲಿಸಿ ರಕ್ತ ಕೊಡಿ. ಎಸಿಟಲೋಪ್ರಾಮ್ ಅಲ್ಲ, ಕೂದಲಿನ ಮಾತ್ರೆ ಮಾತ್ರ. ರಿಪೋರ್ಟ್ ಬಂದ ಮೇಲೆ ಇಲ್ಲಿ ತಿಳಿಸಿ.