ಶೇಕಡಾ 2ರ ಪಟ್ಟಿ: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: ಪೇಪರ್ ಕಟಿಂಗ್ ಹಾಕಿದ್ದೇನೆ, ಎಲ್ಲರೂ ನೋಡಿ. ಜಗತ್ತಿನ ಟಾಪ್ ಶೇ. 2 ವಿಜ್ಞಾನಿಗಳಲ್ಲಿ ನಮ್ಮ ಊರಿನ ಪ್ರೊಫೆಸರ್! ಸ್ಟ್ಯಾನ್‌ಫರ್ಡ್‌ನವರ ಪ್ರಶಸ್ತಿ. ಈ ಸಲ ಸಂಘದ ಸನ್ಮಾನ ಇವರಿಗೇ. ಕ್ಷಯರೋಗದ ಮೇಲೆ ಕೆಲಸ ಮಾಡುವ ಆ ಹುಡುಗಿಯದ್ದು ಮುಂದೆ ನೋಡೋಣ. ಅವಳ ಎಚ್-ಇಂಡೆಕ್ಸ್ ಬರೀ 9 ಅಂತೆ.

ನಾನು: ಪ್ರೊಫೆಸರ್ ಹೆಸರು ಬಂದದ್ದು ನನಗೂ ಖುಷಿ ದೊಡ್ಡಪ್ಪ. ಆದರೆ ಅದು ಪ್ರಶಸ್ತಿ ಅಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಜೊತೆಯವರು ಸ್ಕೋಪಸ್ ಅನ್ನುವ ಸಂಶೋಧನಾ ಪ್ರಬಂಧಗಳ ದಾಖಲೆಕೋಶದ ಮಾಹಿತಿ ಇಟ್ಟುಕೊಂಡು ಮಾಡುವ ಪಟ್ಟಿ. ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ, ಲೇಖಕರ ಸಾಲಿನಲ್ಲಿ ಹೆಸರು ಎಲ್ಲಿದೆ, ಇಂಥ ಆರು ಅಳತೆ ಸೇರಿಸಿ ಒಂದು ಅಂಕ ಕೊಡುತ್ತಾರೆ. ಯಾರೂ ಪ್ರಬಂಧ ಓದಿ ಆರಿಸಿದ್ದಲ್ಲ.

ಅತ್ತೆ: ಈ ಎಚ್-ಇಂಡೆಕ್ಸ್ ಅಂದರೆ ಏನೋ?

ನಾನು: ಒಬ್ಬರ 10 ಪ್ರಬಂಧಗಳಿಗೆ ತಲಾ 10 ಸಲವಾದರೂ ಉಲ್ಲೇಖ ಸಿಕ್ಕಿದ್ದರೆ ಅವರದ್ದು 10, ಅತ್ತೆ. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಹೇಳಿದ ಲೆಕ್ಕ. ಬರೆದದ್ದು ಮೂರೇ ಪ್ರಬಂಧ ಆದರೆ, ಜಗತ್ತೆಲ್ಲ ಉಲ್ಲೇಖಿಸಿದರೂ 3 ದಾಟುವುದಿಲ್ಲ. ವರ್ಷ ಕಳೆದ ಹಾಗೆ ಏರುತ್ತದೆ, ಇಳಿಯುವುದೇ ಇಲ್ಲ. 30 ವರ್ಷ ಕೆಲಸ ಮಾಡಿದವರನ್ನೂ ಈಗ ಶುರು ಮಾಡಿದವಳನ್ನೂ ಇದರಲ್ಲಿ ಅಳೆಯುವುದು ಸರಿಯಾ?

ಭಾವ: ಲೆಕ್ಕ ಬೇಡ ಅಂದರೆ ಮತ್ತೇನು? ಯಾರು ಯಾರಿಗೆ ಬೇಕಾದವರು ಅಂತ ನೋಡಿ ಸನ್ಮಾನ ಮಾಡುವುದಾ? ನಮ್ಮ ಕಡೆ ನಡೆಯುವುದೇ ಅದು. ಸಣ್ಣ ಕಾಲೇಜಿನಲ್ಲಿ ಕೂತು ದುಡಿದವರಿಗೆ ಈ ನಂಬರೇ ಆಸರೆ.

ನಾನು: ಅದು ನಿಜ ಭಾವ, ಒಪ್ಪುತ್ತೇನೆ. ಆದರೆ ನಂಬರ್ ಏನನ್ನು ಎಣಿಸುತ್ತದೆ ಅಂತಲೂ ನೋಡಬೇಕಲ್ವಾ? ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ ಆಲಿವರ್ ಲೌರಿಯವರದ್ದು, 1951ರದ್ದು. 2014ಕ್ಕೇ 3 ಲಕ್ಷ ದಾಟಿತ್ತು. ಅದರಲ್ಲಿರುವುದು ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಎಲ್ಲ ಲ್ಯಾಬ್‌ನವರಿಗೂ ಬೇಕು, ಎಲ್ಲರೂ ಉಲ್ಲೇಖಿಸಿದರು. ಬಹಳ ಉಪಯೋಗದ ಕೆಲಸವೇ. ಹಾಗಂತ ಅದೇ ಜಗತ್ತಿನ ಅತಿ ದೊಡ್ಡ ಸಂಶೋಧನೆ ಅನ್ನುತ್ತೀರಾ?

ಇನ್ನೊಂದು ಕಡೆ ಕಾಲರಾ ಬಗ್ಗೆ ಕೆಲಸ ಮಾಡಿದ ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ. ಮೊಲದ ಕರುಳಿನ ತುಂಡನ್ನು ಎರಡೂ ಕಡೆ ಕಟ್ಟಿ, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ ಅದರೊಳಗೆ ಹಾಕಿದರು. ಸೋಸಿದ ದ್ರವದಲ್ಲಿ ಬ್ಯಾಕ್ಟೀರಿಯಾ ಇರಲೇ ಇಲ್ಲ. ಆದರೂ ಕರುಳು ನೀರು ತುಂಬಿ ಉಬ್ಬಿತು. ಅಂದರೆ ಭೇದಿ ಮಾಡಿಸುವುದು ಬ್ಯಾಕ್ಟೀರಿಯಾ ಬಿಡುವ ವಿಷ. 1884ರಿಂದಲೇ ಜರ್ಮನಿಯ ವಿಜ್ಞಾನಿ ರಾಬರ್ಟ್ ಕೋಖ್‌ಗೆ ಇದ್ದ ಅನುಮಾನವನ್ನು ಇವರು ತೋರಿಸಿಕೊಟ್ಟರು. 1959ರಲ್ಲಿ ನೇಚರ್ ಅನ್ನುವ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲೇ ಬಂತು. ಆದರೂ ಮೊದಲ ವರ್ಷಗಳಲ್ಲಿ ಗಮನಿಸಿದವರು ಕಡಿಮೆ. ನಮ್ಮ ದೇಶದ ಒಂದು ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಭಾವ: ನಾನೂ ಈಗ ಹುಡುಕಿ ಓದಿದೆ. ಅವರನ್ನು ಎತ್ತಿ ತೋರಿಸಿದವರು ಗಾರ್ಫೀಲ್ಡ್. ಯಾರು ಯಾರನ್ನು ಉಲ್ಲೇಖಿಸಿದರು ಅಂತ ಪಟ್ಟಿ ಮಾಡುವ ಸೈಟೇಶನ್ ಇಂಡೆಕ್ಸ್ ಶುರು ಮಾಡಿದ ಮನುಷ್ಯ! ಕೊನೆಗೆ ಕೈ ಹಿಡಿದದ್ದು ನಂಬರೇ ಅಲ್ವಾ?

ನಾನು: ಹೌದು ಭಾವ. ಗಾರ್ಫೀಲ್ಡ್ ಬರೆದದ್ದು 1986ರಲ್ಲಿ. ಡೇ 1985ರಲ್ಲೇ ತೀರಿಕೊಂಡಿದ್ದರು. ನಮ್ಮ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಬದುಕಿದ್ದಾಗ ಕೆಲಸ ನೋಡಿ ಗುರುತಿಸಿದವರೂ ಇದ್ದರು. 1978ರ ನೊಬೆಲ್ ಸಿಂಪೋಸಿಯಂ ಅನ್ನುವ ವಿಜ್ಞಾನಿಗಳ ಸಭೆಗೆ ಅವರನ್ನು ಕರೆದಿದ್ದರು. ಹಾಗೆ ನೋಡಲು ಸಾಧ್ಯವಿತ್ತು ಅಂತ ತಾನೇ ಅರ್ಥ?

ಅತ್ತೆ: ಅಯ್ಯೋ ಪಾಪ. ದೊಡ್ಡಣ್ಣ, ಆ ಹುಡುಗಿ ಏನು ಮಾಡಿದ್ದಾಳೆ ಅಂತ ಯಾರಾದರೂ ಕೇಳಿದ್ದೀರಾ?

ದೊಡ್ಡಪ್ಪ: ಕೇಳಿಲ್ಲ. ಕೇಳಿದರೆ ನಮಗೆ ಅರ್ಥ ಆಗಬೇಕಲ್ಲ.

ನಾನು: ಇಬ್ಬರನ್ನೂ ಕರೆಯೋಣ ದೊಡ್ಡಪ್ಪ. ತಮ್ಮ ಒಂದೇ ಒಂದು ಒಳ್ಳೆಯ ಪ್ರಬಂಧ ಆರಿಸಿಕೊಂಡು ಕನ್ನಡದಲ್ಲಿ ಹೇಳಲಿ. ಏನು ಗೊತ್ತಿರಲಿಲ್ಲ, ಏನು ಕಂಡುಕೊಂಡರು, ಯಾರಿಗೆ ಉಪಯೋಗ ಆಯಿತು. ಪ್ರೊಫೆಸರ್‌ದೇ ಮೇಲು ಅನ್ನಿಸಿದರೆ ಹಾರ ತರುವವನು ನಾನೇ.

ದೊಡ್ಡಪ್ಪ: ಸರಿ, ಭಾನುವಾರದ ಮೀಟಿಂಗಿನಲ್ಲಿ ಇಡುತ್ತೇನೆ. ಆದರೆ ಪಟ್ಟಿಯನ್ನೂ ಫೈಲಿನಲ್ಲಿ ಇಟ್ಟಿರುತ್ತೇನೆ.

ಭಾವ: ಇಡಿ. ಸ್ವಂತ ಉಲ್ಲೇಖ ಬಿಟ್ಟು ಲೆಕ್ಕ ಹಾಕಿದ ಅಂಕವೂ ಆ ಪಟ್ಟಿಯಲ್ಲೇ ಇರುತ್ತದೆ. ಅದನ್ನೂ ಪ್ರಿಂಟ್ ತೆಗೆಸಿ.